ಡ್ರಾ ಚೀಟಿ ಎತ್ತೂಕ್ಕಿಂತ ಮೊದಲ ಗೋಲ್ ಸಮ ಆದ್ರ ಏನು ಅಂತ ಬರದಿಡ್ರಿ

ಸರ್, ನಿಮ್ಮ ಪ್ರಶ್ನಿ ಇಷ್ಟು: ಕಲಬುರಗಿ, ಬೀದರ್, ಯಾದಗಿರಿ ಕೂಡಿ 11 ಫುಟ್‌ಬಾಲ್ ಕ್ಲಬ್ ಆಗ್ಯಾವ. ಹಳೇ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ (ಯುರೋಪಿನ ಒಂದೊಂದು ದೇಶದ ಕಪ್ ಗೆದ್ದ ಕ್ಲಬ್‌ಗಳ ಟೂರ್ನಿ) ಥರ ಒಂದು ಮ್ಯಾಚ್ ನಮ್ಮೂರಾಗ, ಒಂದು ಅವರೂರಾಗ ಇಟ್ಟು ನಾಕೌಟ್ ಆಡಿಸಬೇಕು. ಎರಡೂ ಕೂಡಿಸಿ ಗೋಲ್ ಸಮ ಆದ್ರ ಹೆಂಗ? ಮ್ಯಾಲ ಒಬ್ರು "ಅವೇ ಗೋಲ್ ನಿಯಮ ಹಾಕ್ರಿ, ಮುಗೀತು" ಅಂದಾರ, ಅಂದ್ರ ಎದುರಿನವರ ಊರಾಗ ಹೆಚ್ಚು ಗೋಲ್ ಹೊಡದವರು ಗೆದ್ದಂಗ. ಅಲ್ಲೇ ಮುಗಿಯೂದಿಲ್ರಿ, ಜಗಳ ಅಲ್ಲೇ ಸುರು ಆಗ್ತದ.

ಮೊದಲ ಬೈ ಲೆಕ್ಕ, ಅಂದ್ರ ಆಡದ ಸೀದಾ ಮುಂದಿನ ಸುತ್ತಿಗೆ ಹೋಗೂ ಕ್ಲಬ್ ಎಷ್ಟು ಅಂತ. ನಾಕೌಟ್ ಸರಿ ಕೂಡಬೇಕಂದ್ರ 8, 16 ಹಿಂಗ ಲೆಕ್ಕ ಇರಬೇಕು; 16ರಾಗ 11 ಕಳದ್ರ 5. ಐದು ಕ್ಲಬ್ಬಿಗೆ ಬೈ, ಉಳದ ಆರು ಕ್ಲಬ್ ಮೂರು ಜೋಡಿ ಆಗಿ ಆಡ್ತಾವ. ಗೆದ್ದ ಮೂರು, ಬೈ ಐದು, ಕ್ವಾರ್ಟರ್‌ಗೆ ಸರಿಯಾಗಿ ಎಂಟು. ಫೈನಲ್ ಒಂದೇ ಮ್ಯಾಚ್ ಇಟ್ರ ಒಟ್ಟು 19 ಮ್ಯಾಚ್. ಭಾಳ ಮಂದಿ ಮಾಡೂ ತಪ್ಪು ಏನಂದ್ರ, ಮೊದಲ ಸುತ್ತಿನಾಗ ಐದು ಜೋಡಿ ಆಡಿಸಿ ಒಬ್ಬರಿಗಷ್ಟೇ ಬೈ ಕೊಡ್ತಾರ. ಆಮ್ಯಾಲ ಆರು, ಆಮ್ಯಾಲ ಮೂರು ಉಳದು ಸೆಮಿಫೈನಲ್‌ನಾಗ ಒಂದು ಟೀಮ್ ಆಡದ ಫೈನಲ್‌ಗೆ ಹೋಗ್ತದ. ಬೈ ಎಲ್ಲಾ ಮೊದಲ ಸುತ್ತಿನಾಗೇ ತೀರಬೇಕು. ಆ ಕಪ್ಪಿನ ಮೊದಲ ಸೀಸನ್ 1960–61ರಾಗೂ ಹಿಂಗೇ ಇತ್ತು: ಹತ್ತು ಕ್ಲಬ್, ಪ್ರಿಲಿಮಿನರಿಯಾಗ ಎರಡೇ ಜೋಡಿ, ಆರು ಕ್ಲಬ್ಬಿಗೆ ಬೈ. ಅವತ್ತು ಫೈನಲ್ ಸೈತ ಎರಡು ಲೆಗ್ (ಇಬ್ಬರ ಊರಾಗೂ ಒಂದೊಂದು ಮ್ಯಾಚ್) ಆಡಿಸಿದ್ರು. ಇಟಲಿಯ ಫಿಯೊರೆಂಟಿನಾ ಕ್ಲಬ್ ಗ್ಲಾಸ್ಗೋದಾಗ ಅಲ್ಲಿನ ರೇಂಜರ್ಸ್ ಮ್ಯಾಲ 2–0 ಗೆದ್ದು, ತಮ್ಮೂರಾಗ 2–1 ಗೆದ್ರು. ಮುಂದ ಯಾವ ಸೀಸನ್‌ನಾಗೂ ಎರಡು ಲೆಗ್ ಫೈನಲ್ ಇಡಲಿಲ್ಲ. ನೀವೂ ಇಡಬ್ಯಾಡ್ರಿ.

ಈಗ ಅವೇ ಗೋಲ್. ಅದು ಯುರೋಪಿನಾಗ ಮೊದಲ ಬಂದದ್ದು ಇದೇ ಕಪ್ಪಿನಾಗ, 1965–66ರಾಗ. ಅದು ಹೆಂಗ ಕೈ ಕೊಡ್ತದ ಅಂತ ನೋಡಬೇಕಂದ್ರ 1971–72ರ ಎರಡನೇ ಸುತ್ತು ನೋಡ್ರಿ. ಗ್ಲಾಸ್ಗೋದಾಗ ರೇಂಜರ್ಸ್ 3–2 ಗೆದ್ದಿತ್ತು. ಲಿಸ್ಬನ್‌ನಾಗ 90 ನಿಮಿಷಕ್ಕ ಅಲ್ಲಿನ ಕ್ಲಬ್ ಸ್ಪೋರ್ಟಿಂಗ್ 3–2 ಮುಂದ. ಒಟ್ಟು 5–5, ಹೊರಗಿನ ಗೋಲ್ ಇಬ್ಬರದೂ ಎರಡೆರಡು, ಅದಕ್ಕ ಎಕ್ಸ್‌ಟ್ರಾ ಟೈಮ್, ಅಂದ್ರ ಇನ್ನೂ ಅರ್ಧ ತಾಸು ಆಟ. ಅದರಾಗ ಇಬ್ಬರೂ ಒಂದೊಂದು ಹೊಡದು 6–6. ರೆಫ್ರಿ ಪೆನಾಲ್ಟಿ ಹೊಡಿಸ್ಯಾನ, ಸ್ಪೋರ್ಟಿಂಗ್ ಗೆದ್ದದ. ಆದ್ರ ಎಕ್ಸ್‌ಟ್ರಾ ಟೈಮ್‌ನಾಗ ಹೊಡದ ಹೊರಗಿನ ಗೋಲೂ ಎಣಿಕಿಗೆ ಬರ್ತದ ಅಂತ ನಿಯಮದಾಗ ಇತ್ತು. ರೇಂಜರ್ಸ್ ಲಿಸ್ಬನ್‌ನಾಗ ಮೂರು, ಸ್ಪೋರ್ಟಿಂಗ್ ಗ್ಲಾಸ್ಗೋದಾಗ ಎರಡೇ. ಪೆನಾಲ್ಟಿಯ ಜರೂರತ್ತೇ ಇರಲಿಲ್ಲ. ಕಡೀಗೆ ರೇಂಜರ್ಸ್ ಮುಂದಕ್ಕ ಹೋಗಿ, ಬಾರ್ಸೆಲೋನಾದಾಗ ಡೈನಮೋ ಮಾಸ್ಕೋ ಮ್ಯಾಲ 3–2 ಗೆದ್ದು ಕಪ್ಪೇ ಎತ್ತಿತು. ಯುರೋಪಿನ ರೆಫ್ರಿಗೇ ತಪ್ಪಿದ್ದು ನಮ್ಮ ತಾಲೂಕು ರೆಫ್ರಿಗೆ ತಪ್ಪೂದಿಲ್ಲ ಅಂತೀರಾ?

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾನೇ 2021–22ರಿಂದ ಆ ನಿಯಮ ತಗದದ. ಅದಕ್ಕ ನನ್ನ ಮಾತು: ಅವೇ ಗೋಲ್ ಬ್ಯಾಡ, ಎಕ್ಸ್‌ಟ್ರಾ ಟೈಮೂ ಬ್ಯಾಡ. ಎರಡನೇ ಲೆಗ್ ಮುಗದ ಕೂಡಲೇ ಒಟ್ಟು ಸಮ ಇದ್ರ ಸೀದಾ ಪೆನಾಲ್ಟಿ. ಕಾರಣ ಬೆಳಕು. ಹೊನಲು ದೀಪ ಇಲ್ಲದ ಮೈದಾನದಾಗ ಡಿಸೆಂಬರ್‌ನಾಗ ಪೌಣೆ ಆರರ ಸುಮಾರು ಸೂರ್ಯ ಮುಳುಗ್ತದ. 90 ನಿಮಿಷ, ನಡಬರಕ 15, ಹೆಚ್ಚುವರಿ ಆರೇಳು, ನೀರಿನ ಬ್ರೇಕ್, ಆಮ್ಯಾಲ ಪೆನಾಲ್ಟಿಗೆ 15–20 ನಿಮಿಷ ಹಿಡೀರಿ. ಎರಡೂಕಾಲು ತಾಸು ಬೇಕು. ಡಿಸೆಂಬರ್ ಆದ್ರ ಮೂರೂಕಾಲಕ್ಕ ಕಿಕ್-ಆಫ್. ಆದ್ರ ಡಿಸೆಂಬರ್, ಜನವರಿ ತೊಗರಿ ರಾಶಿ ದಿನ, ಅರ್ಧ ಹುಡುಗರು ಹೊಲದಾಗ ಇರ್ತಾರ. ಫೆಬ್ರವರಿ ಛಲೋ, ನಾಕಕ್ಕ ಸುರು ಮಾಡಬಹುದು. ಮಾರ್ಚ್ ದಾಟಿದ್ರ ಬಿಸಿಲು ಬಿಡೂದಿಲ್ಲ.

ಪೆನಾಲ್ಟಿಯಾಗ ಮರಿಯೂ ಸಂಗತಿ: ಒಂದು ಟೀಮಿನಾಗ ರೆಡ್ ಕಾರ್ಡ್ ಆಗಿ ಹತ್ತೇ ಮಂದಿ ಇದ್ರ, ಇನ್ನೊಂದು ಟೀಮೂ ಒಬ್ಬನ್ನ ತಗೀಬೇಕು. ಇಲ್ಲಂದ್ರ ಸರದಿ ತಿರುಗಿ ಬಂದಾಗ ಹತ್ತು ಮಂದಿ ಟೀಮಿನ ಮೊದಲನೇ ಆಟಗಾರ ಎರಡನೇ ಸಲ ಹೊಡೀತಾನ, ಎದುರಿನವರದು ಇನ್ನೂ ಗೋಲ್‌ಕೀಪರ್ ಪಾಳಿ ಇರ್ತದ.

ಏಳಕ್ಕಿಂತ ಕಡಿಮಿ ಮಂದಿ ಬಂದ್ರ ಮ್ಯಾಚ್ ಸುರು ಮಾಡಂಗಿಲ್ಲ. 3–0 ಅಂತ ಬರಕೊಳ್ರಿ. ಒಬ್ಬ ಆಟಗಾರ ಒಂದೇ ಕ್ಲಬ್, ಮೊದಲ ಮ್ಯಾಚಿನ ಮುಂಚೆ ಪಟ್ಟಿ ಬಂದ್. ಸೋತ ಕ್ಲಬ್ಬಿನವನ್ನ ಕ್ವಾರ್ಟರ್‌ಗೆ ಎತ್ತಿಕೊಳ್ಳೂ ಆಟ ನಡೀಬಾರದು.

ಮೈದಾನದ್ದು ಒಂದು ಮಾತು. ಎರಿ ಮಣ್ಣಿನ ಮೈದಾನ ಬ್ಯಾಸಗಿಯಾಗ ಬಿರಕು ಬಿಡ್ತದ, ಕಾಲು ಸಿಕ್ಕು ಪಾದ ತಿರುಗ್ತದ. ಬಿರಕಿನಾಗ ಸಣ್ಣ ಮುರುಮ್ ತುಂಬಿ, ಹಿಂದಿನ ದಿನ ಸಂಜಿಗೆ ನೀರು ಹೊಡದು ರೋಲರ್ ಹಾಕ್ರಿ. ಮುಂಜಾನಿ ನೀರು ಹೊಡದ್ರ ಬೂಟಿಗೆ ಮುದ್ದಿ ಮುದ್ದಿ ಅಂಟ್ತದ. ಗೆರಿ ಎಳಿಯೂಕ ಸುಣ್ಣ ಬ್ಯಾಡ, ಕಣ್ಣಿಗೆ ಹೋದ್ರ ಸುಡ್ತದ. ರಂಗೋಲಿ ಪುಡಿ ಸಾಕು. ಗೋಲ್ 7.32 ಮೀಟರ್ ಅಗಲ, 2.44 ಎತ್ತರ, ಪೆನಾಲ್ಟಿ ಚುಕ್ಕಿ 11 ಮೀಟರ್. ಹೆಜ್ಜಿ ಲೆಕ್ಕ ಹಾಕಬ್ಯಾಡ್ರಿ, ಟೇಪ್ ಹಿಡೀರಿ.

ನಿಯಮ ಎಲ್ಲಾ ಒಂದೇ ಹಾಳಿಯಾಗ ಬರದು 11 ಮ್ಯಾನೇಜರ್‌ಗಳ ಸಹಿ ತಗೊಂಡು, ಒಂದು ಪ್ರತಿ ರೆಫ್ರಿ ಜೇಬಿನಾಗ ಇಡ್ರಿ. ಆಮ್ಯಾಲ ಚೀಟಿ ಎತ್ರಿ.