ಕೌಂಟಿ ಜೈಲಿಂದ ಫೋನ್ ಬಂದ್ರೆ

ತಮ್ಮಾ, ನಿನ್ನ ಮೆಸೇಜ್ ಬೆಳಿಗ್ಗೆ ಕಾಫಿ ಕುಡೀತಾ ಓದ್ದೆ, ಕಾಫಿ ಅಲ್ಲೇ ಆರೋಯ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು 5 ತಿಂಗಳು ಅಂತೀಯ, ರೂಮ್‌ಮೇಟು ನಿನ್ನೆ ಶುಕ್ರವಾರ ರಾತ್ರಿ ಪಾರ್ಟಿ ಮುಗಿಸ್ಕೊಂಡು ಕುಡಿದು ಕಾರ್ ಓಡಿಸ್ಕೊಂಡು ಬರ್ತಿದ್ದಾಗ ಪೊಲೀಸ್ ಹಿಡ್ದಿದಾರೆ, ಮಧ್ಯರಾತ್ರಿ ಯಾವುದೋ ರೆಕಾರ್ಡೆಡ್ ವಾಯ್ಸ್ ಫೋನ್ ಬಂತು, ಫ್ರಾಡ್ ಅನ್ಕೊಂಡು ಕಟ್ ಮಾಡ್ದೆ, ಈಗ ಆನ್‌ಲೈನಲ್ಲಿ ಜೈಲಲ್ಲಿರೋರ ಪಟ್ಟೀಲಿ ಹುಡುಕಿದ್ರೆ ಅವನ ಹೆಸರೂ ಸಿಗ್ತಿಲ್ಲ, ಒಳಗೆ ಹೊಡೀತಾರಾ, ಊಟ ತಗೊಂಡು ಹೋಗ್ಬಹುದಾ, ನೋಡೋಕೆ ಹೋದ್ರೆ ನನ್ ವೀಸಾಗೆ ತೊಂದ್ರೆನಾ, ಊರಲ್ಲಿ ಅವರಪ್ಪಂಗೆ ಹೇಳ್ಲಾ ಅಂತ ಒಂದೇ ಉಸಿರಲ್ಲಿ ಕೇಳಿದೀಯ. ಮೊದಲು ಒಂದು ಮಾತು, ಇನ್ನೊಂದ್ ಸಲ ಆ ಫೋನ್ ಬಂದ್ರೆ ಕಟ್ ಮಾಡ್ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹೆಸರು ಸಿಗ್ತಿಲ್ಲ ಅಂದ್ಯಲ್ಲ, ಅದು ನಮ್ಮೋರಿಗೆಲ್ಲಾ ಆಗೋದೇ. ಅವನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ವೀಸಾದಲ್ಲಿ ಅವನ ಹೆಸರನ್ನೇ ಸರ್‌ನೇಮ್ ಮಾಡಿ ಮುಂದೆ ಎಫ್‌ಎನ್‌ಯು ಅಂತ ಹಾಕಿರ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅಪ್ಪ ಅಮ್ಮ ಇಟ್ಟ ಹೆಸರು ಇದ್ದೂ ಗೊತ್ತಿಲ್ಲ ಅಂತ ಬರ್ಸ್ಕೋಬೇಕು ಇಲ್ಲಿ. ಅದಕ್ಕೇ ಹಿಂದೆ ಮುಂದೆ ತಿರುಗಿಸಿ ಹುಡುಕು, ಅವರಪ್ಪನ ಹೆಸರು ಸರ್‌ನೇಮ್ ಅಂತ ಹಾಕಿ ನೋಡು, ಊರ ಹೆಸರು ಹಾಕಿ ನೋಡು, ಎಫ್‌ಎನ್‌ಯು ಹಾಕಿ ನೋಡು. ಸಿಗ್ಲಿಲ್ಲ ಅಂದ್ರೆ ಜೈಲಿಗೆ ಫೋನ್ ಮಾಡಿ ಹುಟ್ಟಿದ ತಾರೀಖು ಹೇಳು. ಸಿಕ್ಕಿದ ಮೇಲೆ ಪಿಎಫ್‌ಎನ್ ಅಂತ ಒಂದು ನಂಬರ್ ಇರುತ್ತೆ, ಬರ್ಕೊಂಡು ಇಟ್ಕೋ. ದುಡ್ಡು ಹಾಕೋಕೆ, ಭೇಟಿಗೆ ಎಲ್ಲಾದಕ್ಕೂ ಅದನ್ನೇ ಕೇಳ್ತಾರೆ.

ಇನ್ನೊಂದು, ಯಾವ ಕೌಂಟೀಲಿ ಹಿಡ್ದ್ರು ಅನ್ನೋದು ಮುಖ್ಯ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ಫ್ರೀಮಾಂಟು ಅಲಮೀಡಾ ಕೌಂಟಿ, ಅಲ್ಲಿ ಹಿಡ್ದಿದ್ರೆ ಇಲ್ಲಿ ಡಬ್ಲಿನ್‌ನ ಸಾಂಟಾ ರೀಟಾ ಜೈಲಿಗೆ ತರ್ತಾರೆ, 1989ರಲ್ಲಿ ಶುರುವಾಗಿದ್ದು, ದೊಡ್ಡ ಜೈಲು. ಅದೇ ನೀನು ಸ್ವಲ್ಪ ದಕ್ಷಿಣಕ್ಕೆ ಬಂದು ಮಿಲ್ಪಿಟಾಸ್ ಒಳಗೆ ಹೋದ್ಯೋ ಸಾಂಟಾ ಕ್ಲಾರಾ ಕೌಂಟಿ, ಅವರದ್ದು ಸ್ಯಾನ್ ಹೋಸೆಯ ಹೆಡ್ಡಿಂಗ್ ಸ್ಟ್ರೀಟಲ್ಲಿ ಒಂದು, ಮಿಲ್ಪಿಟಾಸಲ್ಲಿ ಗ್ರೇಟ್ ಮಾಲ್ ಹತ್ರ ಎಲ್ಮ್‌ವುಡ್ ಅಂತ ಒಂದು. ಪಾರ್ಟಿ ಎಲ್ಲಿತ್ತು ಅಂತ ನೀನು ಬರೀಲಿಲ್ಲ, ಎರಡೂ ಕಡೆ ನೋಡು. ಇವನ್ನ ನಡೆಸೋದು ಶೆರಿಫ್, ಜನ ಓಟ್ ಹಾಕಿ ಆರಿಸಿದ ಅಧಿಕಾರಿ. ನಮ್ಮ ಪರಪ್ಪನ ಅಗ್ರಹಾರದ ಥರ ಎಲ್ಲಾ ಒಂದೇ ಕಡೆ ಅಲ್ಲ. ದೊಡ್ಡ ಶಿಕ್ಷೆ ಆದೋರು ಹೋಗೋ ಸ್ಟೇಟ್ ಪ್ರಿಸನ್ನೇ ಬೇರೆ, ಕೌಂಟಿ ಜೈಲಲ್ಲಿ ಇರೋರಲ್ಲಿ ತುಂಬಾ ಜನ ಇನ್ನೂ ಕೇಸ್ ತೀರ್ಮಾನ ಆಗದೇ ಇರೋರು. ನಿನ್ನ ಫ್ರೆಂಡು ಕೈದಿ ಅಂತ ತಿಳ್ಕೊಂಡು ಅಳ್ತಾ ಕೂರ್ಬೇಡ. ಮೊದಲನೇ ಸಲ, ಯಾರಿಗೂ ಪೆಟ್ಟಾಗಿಲ್ಲ ಅಂದ್ರೆ, ಸಾಮಾನ್ಯವಾಗಿ ಕುಡಿದಿದ್ದು ಇಳಿದ ಮೇಲೆ ಕೋರ್ಟ್ ತಾರೀಖಿನ ಕಾಗದಕ್ಕೆ ಸೈನ್ ಹಾಕಿಸ್ಕೊಂಡು ಬಿಟ್ಬಿಡ್ತಾರೆ, ನಾನಿದನ್ನ ಟೈಪ್ ಮಾಡೋ ಹೊತ್ತಿಗೆ ಹೊರಗೆ ಬಂದಿದ್ರೂ ಬಂದಿರ್ಬಹುದು.

ಒಳಗೆ ಹೋದ ತಕ್ಷಣ ಬುಕಿಂಗ್ ಅಂತ ಮಾಡ್ತಾರೆ. ಬೆರಳಚ್ಚು, ಫೋಟೋ, ಆಮೇಲೆ ನರ್ಸ್ ಬಂದು ಶುಗರ್ ಇದ್ಯಾ, ಬಿಪಿ ಇದ್ಯಾ, ಮಾತ್ರೆ ತಗೋತೀಯಾ, ಸಾಯ್ಬೇಕು ಅನ್ಸುತ್ತಾ ಅಂತೆಲ್ಲಾ ಕೇಳ್ತಾರೆ. ಅದಕ್ಕೆ ನಿಜ ಹೇಳ್ಬೇಕು, ನಮ್ಮ ಹುಡುಗ್ರು ಮರ್ಯಾದೆಗೆ ಅಂಜಿ ಏನೂ ಇಲ್ಲ ಏನೂ ಇಲ್ಲ ಅಂದುಬಿಡ್ತಾರೆ, ಹೇಳ್ಲಿಲ್ಲ ಅಂದ್ರೆ ಔಷಧಿ ಸಿಗಲ್ಲ. ಜೈಲಲ್ಲಿ ಇರೋರಿಗೆ ಚಿಕಿತ್ಸೆ ಕೊಡ್ಲೇಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಪರ್ಸು, ಮೊಬೈಲು, ವಾಚು, ಉಂಗುರ ಎಲ್ಲಾ ಬಿಚ್ಚಿಸಿ ಲಿಸ್ಟ್ ಮಾಡಿ ಚೀಲಕ್ಕೆ ಹಾಕ್ತಾರೆ. ಉಡಿದಾರ, ಜನಿವಾರ ಇದ್ರೆ ಅದೂ ಹೋಗುತ್ತೆ, ದಾರ ಅಂದ್ರೆ ಕುತ್ತಿಗೆಗೆ ಹಾಕ್ಕೋತಾರೆ ಅನ್ನೋ ಭಯ ಅವ್ರಿಗೆ. ಮೊಬೈಲ್ ಹೋಯ್ತು ಅಂದ್ರೆ ನಂಬರೂ ಹೋಯ್ತು ಅಂತಾನೇ ಅರ್ಥ ತಮ್ಮಾ. ಕ್ಯಾಲಿಫೋರ್ನಿಯಾದಲ್ಲಿ ಹಿಡಿದ 3 ಗಂಟೆ ಒಳಗೆ 3 ಫೋನ್ ಕಾಲ್ ಮಾಡೋಕೆ ಬಿಡ್ಬೇಕು ಅಂತ ಕಾನೂನಿದೆ, ಆದ್ರೆ ಬಾಯಿಪಾಠ ಇರೋ ನಂಬರ್ ಎಷ್ಟು ಜನಕ್ಕಿದೆ ಈಗ?

ಇಲ್ಲಿ ನನ್ನ ಕಥೆ ಹೇಳ್ಬೇಕು. ನಾನು ಬಂದಿದ್ದು 2001ರ ಚಳಿಗಾಲ, ಬೇರೆ ಸ್ಟೇಟು, ಊರಿನ ಹೆಸರು ಬೇಡ. ನ್ಯೂಯಾರ್ಕಿನ ಎರಡು ಟವರ್ ಬಿದ್ದು ಇನ್ನೂ ಮೂರು ತಿಂಗಳು, ಬಸ್ಸಲ್ಲಿ ನಮ್ಮ ಬಣ್ಣ ನೋಡಿ ಪಕ್ಕದ ಸೀಟು ಖಾಲಿ ಬಿಡ್ತಿದ್ರು. ನನ್ ರೂಮ್‌ಮೇಟು ದಾವಣಗೆರೆ ಕಡೆಯೋನು, ನನಗಿಂತ ಒಂದು ವರ್ಷ ಮುಂಚೆ ಬಂದಿದ್ದ, ಮೊದಲನೇ ದಿನ ಏರ್‌ಪೋರ್ಟಿಗೆ ಬಂದು ಸ್ವೆಟರ್ ಕೊಟ್ಟೋನು, ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ ಡಬ್ಬಿ ನನ್ ತಟ್ಟೆಗೇ ಬಗ್ಗಿಸ್ತಿದ್ದ. ಅವನಿಗೆ ಯಾವತ್ತೋ ಒಂದು ಸ್ಪೀಡಿಂಗ್ ಟಿಕೆಟ್ ಆಗಿತ್ತು. ಮನೆ ಬದಲಾಯಿಸಿದ್ವಿ, ಕೋರ್ಟಿನ ಕಾಗದ ಹಳೇ ಅಡ್ರೆಸ್ಸಿಗೆ ಹೋಯ್ತು, ಇವನು ಹೋಗ್ಲಿಲ್ಲ, ವಾರಂಟ್ ಆಯ್ತು. 2002ರ ಮೇ ಕೊನೇಲಿ, ಮೆಮೋರಿಯಲ್ ಡೇ ಲಾಂಗ್ ವೀಕೆಂಡ್, ಶುಕ್ರವಾರ ಸಾಯಂಕಾಲ ಹಿಂದಿನ ಲೈಟ್ ಉರೀತಿಲ್ಲ ಅಂತ ನಿಲ್ಲಿಸಿದ ಪೊಲೀಸು ಕಂಪ್ಯೂಟರಲ್ಲಿ ವಾರಂಟ್ ನೋಡಿ ನೇರ ಕೌಂಟಿ ಜೈಲಿಗೆ ಕರ್ಕೊಂಡೋದ. ಸೋಮವಾರ ರಜ. ಅಂದ್ರೆ ಜಡ್ಜ್ ಮುಂದೆ ಮಂಗಳವಾರನೇ.

ನಾನು ಅವನು ಹೇಳ್ತಿದ್ದ ಹಾಗೆ ಚಿಕಾಗೋಗೆ ಹೋಗಿದಾನೆ ಅನ್ಕೊಂಡಿದ್ದೆ. ಶನಿವಾರ ಬೆಳಿಗ್ಗೆ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಬಂತು, ಕಲೆಕ್ಟ್ ಕಾಲ್ ಅಂತ ಒಂದು ಮಷೀನ್ ದನಿ, ಜೈಲಿಂದ ಅಂತ. ಕಲೆಕ್ಟ್ ಕಾಲ್ ಅಂದ್ರೆ ಫೋನ್ ತಗೊಂಡೋರೇ ದುಡ್ಡು ಕೊಡೋದು. ಕಲೆಕ್ಟ್ ಕಾಲ್ ತಗೊಂಡ್ರೆ ನೂರಾರು ಡಾಲರ್ ಬಿಲ್ ಬರುತ್ತೆ ಅಂತ ಆಫೀಸಲ್ಲಿ ಯಾರೋ ಹೆದರಿಸಿದ್ರು, ಜೈಲು ಅನ್ನೋ ಪದ ಕೇಳಿದ್ದೇ ಕೈ ನಡುಗಿ ಇಟ್ಟುಬಿಟ್ಟೆ. ಮತ್ತೆ ಬಂತು, ಇಟ್ಟೆ. ಭಾನುವಾರ ಎರಡು ಸಲ. ನಾಲ್ಕು ಸಲಾನೂ ಇಟ್ಟೆ.

ಮಂಗಳವಾರ ಮಧ್ಯಾಹ್ನ ಬಂದ. ಜಡ್ಜ್ ಫೈನ್ ಹಾಕಿ ಎರಡೇ ನಿಮಿಷದಲ್ಲಿ ಬಿಟ್ಟಿದ್ರಂತೆ. ಬಸ್ ಸ್ಟಾಪಿಂದ ನಡ್ಕೊಂಡು ಬಂದಿದ್ದ, ಗಡ್ಡ ಬಂದಿತ್ತು, ಉಡಿದಾರ ಇದ್ದ ಪ್ಲಾಸ್ಟಿಕ್ ಚೀಲ ಕೈಲಿ ಹಾಗೇ ಇತ್ತು. ಬೈತಾನೆ ಅನ್ಕೊಂಡೆ, ಬೈಲಿಲ್ಲ. ಸೋಫಾ ಮೇಲೆ ಕೂತು, ಆ ಮಷೀನು ಹೆಸರು ಹೇಳು ಅಂತ ಎರಡು ಸೆಕೆಂಡ್ ಜಾಗ ಬಿಡ್ತತಲ್ಲ, ಅಲ್ಲಿ ನನ್ನ ಹೆಸರು ಹೇಳ್ಲಿಲ್ಲ, ನಿನ್ನ ಹೆಸರು ಹಿಡಿದು ಕೂಗಿದ್ನೋ, ಗುರ್ತ ಸಿಗ್ಲಿ ಅಂತ, ಅಂದ. ನಾನು ಆ ಜಾಗ ಬರೋವರೆಗೂ ಫೋನ್ ಹಿಡ್ಕೊಂಡಿರ್ಲೇ ಇಲ್ಲ.

ಜಾಮೀನು ಕಟ್ಟಿ ಬಿಡಿಸೋ ಬೇಲ್ ಬಾಂಡ್ ಏಜೆಂಟಿಗೆ ಜಾಮೀನು ಮೊತ್ತದ ಶೇಕಡಾ 10ರಷ್ಟು ಕಟ್ಟಿದ್ರೆ ಶನಿವಾರವೇ ಬರ್ತಿದ್ದ, ಆ ದುಡ್ಡು ವಾಪಸ್ ಬರಲ್ಲ ನಿಜ, ಆದ್ರೆ ನನ್ ಅಕೌಂಟಲ್ಲಿ ಅಷ್ಟು ಇತ್ತು. ಮಂಗಳವಾರ ಹೇಳ್ದೆ ಕೇಳ್ದೆ ಕೆಲಸಕ್ಕೆ ಹೋಗ್ಲಿಲ್ಲ ಅಂತ ಕ್ಲೈಂಟು ಕಾಂಟ್ರ್ಯಾಕ್ಟ್ ಮುಗಿಸಿದ್ರು. ನಮ್ಮ ವೀಸಾ ಕೆಲಸದ ಮೇಲೇ ನಿಂತಿದ್ದು, ಆಗ ಈಗಿನ ಹಾಗೆ ಕೆಲಸ ಹೋದ ಮೇಲೆ ಇಲ್ಲೇ ಇರೋಕೆ 60 ದಿನದವರೆಗಿನ ಗ್ರೇಸ್ ಇರಲಿಲ್ಲ, ಅದು 2017ರಲ್ಲಿ ಬಂದಿದ್ದು. ಜೂನಲ್ಲಿ ಅವನು ಊರಿಗೆ ಹೋದ. ಈಗ ದಾವಣಗೆರೇಲಿ ಅಂಗಡಿ ಇಟ್ಟಿದಾನೆ, ಹೋದಾಗೆಲ್ಲಾ ಹೋಗ್ತೀನಿ, ಬೆಣ್ಣೆ ದೋಸೆ ತಿನ್ಸದೆ ಕಳ್ಸಲ್ಲ. ಆ ವಿಷಯ ಅವನು ಎತ್ತಲ್ಲ, ನನಗೆ ಎತ್ತೋಕೆ ಬಾಯಿ ಬರಲ್ಲ, 20 ವರ್ಷದ ಮೇಲಾಯ್ತು. ನನ್ ಮನೆ, ಗ್ರೀನ್ ಕಾರ್ಡು, ಮಕ್ಕಳ ಓದು ಎಲ್ಲಾ ಇದೆ, ಅವನಿಗೂ ಇರ್ಬೇಕಿತ್ತು ಅನ್ಸುತ್ತೆ.

ಅದಕ್ಕೇ ಹೇಳಿದ್ದು. ಈಗ ಮೊಬೈಲಿಗೂ ಬರುತ್ತೆ, ಜೈಲಿನ ಹೆಸರು ಹೇಳಿ, ಒಳಗಿರೋನ ದನೀಲಿ ಹೆಸರು ಕೇಳಿಸಿ, ತಗೋತೀಯಾ ಅಂತ ನಂಬರ್ ಒತ್ತೋಕೆ ಹೇಳುತ್ತೆ. ಫ್ರಾಡ್ ಕಾಲೂ ಇದೆ, ಇಲ್ಲ ಅನ್ನಲ್ಲ, ಆದ್ರೆ ನಾನು ಶೆರಿಫ್ ಆಫೀಸು, ಗಿಫ್ಟ್ ಕಾರ್ಡಲ್ಲಿ ದುಡ್ಡು ಕಳಿಸು ಅನ್ನೋನು ಕಳ್ಳ, ಅದನ್ನ ಕಟ್ ಮಾಡು. ಫೋನಲ್ಲಿ ಎಷ್ಟು ಕುಡಿದಿದ್ದೆ, ಏನಾಯ್ತು ಅಂತ ಮಾತ್ರ ಕೇಳ್ಬೇಡ, ಎಲ್ಲಾ ರೆಕಾರ್ಡ್ ಆಗುತ್ತೆ, ಲಾಯರ್ ಜೊತೆ ಮಾತಾಡಿದ್ದು ಬಿಟ್ಟು. ಕನ್ನಡ ಯಾರಿಗೆ ಗೊತ್ತಾಗುತ್ತೆ ಅನ್ಕೋಬೇಡ, ಬೇಕಾದ್ರೆ ಅನುವಾದ ಮಾಡಿಸ್ತಾರೆ. ಊಟ ಮಾಡಿದ್ಯಾ, ನಾನಿದೀನಿ ಅಷ್ಟೇ ಸಾಕು.

ಊಟ ತಗೊಂಡು ಹೋಗೋಕೆ ಆಗಲ್ಲ. ನಮ್ಮ ಕಡೆ ಕೋರ್ಟ್ ಪರ್ಮಿಷನ್ ತಗೊಂಡು ಕ್ಯಾರಿಯರ್ ಕಳ್ಸೋ ಹಾಗೆ ಇಲ್ಲಿಲ್ಲ. ದಿನಕ್ಕೆ ಮೂರು ಹೊತ್ತು ಕೊಡ್ತಾರೆ, ಒಂದಾದ್ರೂ ಬಿಸಿ ಇರ್ಬೇಕು ಅಂತ ಕ್ಯಾಲಿಫೋರ್ನಿಯಾ ನಿಯಮ. ಸಸ್ಯಾಹಾರಿ ಆದ್ರೆ ಬಾಯಲ್ಲಿ ಹೇಳಿದ್ರೆ ಸಾಲ್ದು, ಅರ್ಜಿ ಬರ್ಕೊಡ್ಬೇಕು, ಧರ್ಮದ ಕಾರಣಕ್ಕೆ ಅಂತ ಬರೆದ್ರೆ ಅದಕ್ಕೆ 2000ನೇ ಇಸವಿಯ ಫೆಡರಲ್ ಕಾನೂನೇ ಇದೆ. ನನ್ ದೋಸ್ತಿಗೆ ಅದು ಗೊತ್ತಿರ್ಲಿಲ್ಲ, ನಾಲ್ಕು ದಿನ ಬ್ರೆಡ್ಡು ಹಾಲು ಸೇಬಲ್ಲಿ ಕಳೆದ. ನೀನು ಅವನ ಹೆಸರಲ್ಲಿ ದುಡ್ಡು ಹಾಕ್ಬಹುದು, ಅದರಲ್ಲಿ ಕಮಿಸರಿ ಅಂತ ಒಳಗಿನ ಅಂಗಡೀಲಿ ನೂಡಲ್ಸು, ಸೋಪು, ಕಾಗದ ಎಲ್ಲಾ ತಗೋತಾನೆ. ತುಂಬಾ ದಿನ ಇರೋರಿಗೆ ಹೈಸ್ಕೂಲ್ ಪರೀಕ್ಷೆ ಕಟ್ಟೋ ಕ್ಲಾಸು, ಕುಡಿತ ಬಿಡಿಸೋ ಗುಂಪು, ಕಾನೂನು ಪುಸ್ತಕ, ಪಾದ್ರಿ ಎಲ್ಲಾ ಇದಾರೆ, ನಿನ್ ಫ್ರೆಂಡಿಗೆ ಅದ್ಯಾವುದೂ ಬೇಕಾಗಲ್ಲ ಬಿಡು.

ಹೊಡೀತಾರಾ ಅಂದ್ಯಲ್ಲ. ನಮ್ಮ ಸ್ಟೇಷನ್ ಥರ ಲಾಠಿ ತಗೊಂಡು ಕೂತಿರಲ್ಲ. ಹಾಗಂತ ಒಳ್ಳೆ ಜಾಗ ಅಂತ ಹೇಳಲ್ಲ, ಒಳಗಿರೋರ ಮಧ್ಯೆ ಜಗಳ ಆಗುತ್ತೆ, ಯಾರ ಹತ್ರಾನೂ ಸಾಲ ಮಾಡ್ದೆ, ಕೇಸಿನ ಮಾತಾಡ್ದೆ ತನ್ನ ಪಾಡಿಗೆ ತಾನಿರ್ಬೇಕು.

ನಿನ್ ವೀಸಾಗೆ ಏನೂ ಆಗಲ್ಲ, ಫ್ರೆಂಡ್ ನೋಡೋಕೆ ಹೋಗೋದು ಅಪರಾಧ ಅಲ್ಲ. ಮೊದಲೇ ಅಪಾಯಿಂಟ್‌ಮೆಂಟ್ ತಗೋ, ಐಡಿ ಇಟ್ಕೋ, ಗಾಜಿನ ಹಿಂದೆಯೋ ವಿಡಿಯೋದಲ್ಲೋ ಕಾಣಿಸ್ತಾನೆ. ಅವನ ವೀಸಾ ವಿಷಯ ಬೇರೆ. ಕುಡಿದು ಓಡಿಸಿ ಅರೆಸ್ಟ್ ಆದ್ರೆ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಾಂಪ್ ರದ್ದು ಮಾಡೋದುಂಟು, ಆಗ ಊರಿಗೆ ಹೋದ್ರೆ ಮತ್ತೆ ಸ್ಟಾಂಪಿಂಗ್ ಮಾಡಿಸ್ಬೇಕು, ಅದಕ್ಕೇ ಇಮಿಗ್ರೇಷನ್ ಲಾಯರ್ ಕೇಳ್ದೆ ಟಿಕೆಟ್ ಬುಕ್ ಮಾಡ್ಬೇಡ ಅನ್ನು. ಕ್ರಿಮಿನಲ್ ಲಾಯರಿಗೆ ದುಡ್ಡಿಲ್ಲ ಅಂದ್ರೆ ಪಬ್ಲಿಕ್ ಡಿಫೆಂಡರ್ ಅಂತ ಸರ್ಕಾರದ ಲಾಯರ್ ಕೊಡ್ತಾರೆ. ಯಾವ ಲಾಯರೇ ಆಗ್ಲಿ, ತಪ್ಪೊಪ್ಪಿಕೊಂಡ್ರೆ ವೀಸಾಗೆ ಏನಾಗುತ್ತೆ ಅಂತ ಹೇಳ್ಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿದೆ, ಕೇಳೋಕೆ ನಾಚ್ಕೋಬಾರ್ದು. ಡ್ರೈವಿಂಗ್ ಲೈಸೆನ್ಸ್ ಉಳಿಸ್ಕೊಳ್ಳೋಕೆ ಡಿಎಂವಿ ಹತ್ರ, ಅಂದ್ರೆ ಇಲ್ಲಿನ ಆರ್‌ಟಿಓ ಥರದ ಆಫೀಸು, 10 ದಿನದೊಳಗೆ ಹಿಯರಿಂಗ್ ಕೇಳ್ಬೇಕು, ಇದು ತುಂಬಾ ಜನ ಮರೀತಾರೆ. ಇಂಡಿಯನ್ ಕಾನ್ಸುಲೇಟಿಗೆ ಅವರಾಗೇ ಹೇಳಲ್ಲ, ಹೇಳಿ ಅಂತ ಅವನೇ ಕೇಳ್ಬೇಕು.

ಅವರಪ್ಪಂಗೆ ಇವತ್ತೇ ಹೇಳ್ಬೇಡ. ಅಲ್ಲಿ ಈಗ ರಾತ್ರಿ, ಜೈಲು ಅಂದ್ರೆ ಎದೆ ಹಿಡ್ಕೋತಾರೆ. ಅವನೇ ಹೊರಗೆ ಬಂದು ಅವನ ಬಾಯಲ್ಲೇ ಹೇಳ್ಲಿ. ಸೋಮವಾರದವರೆಗೂ ಬರ್ಲಿಲ್ಲ ಅಂದ್ರೆ ನಾನೇ ಮಾತಾಡ್ತೀನಿ, ನಂಬರ್ ಕೊಡು.

ಹೊರಗೆ ಬಿಡೋದು ಎಷ್ಟು ಹೊತ್ತಿಗೆ ಅಂತ ಹೇಳೋಕಾಗಲ್ಲ, ಮಧ್ಯರಾತ್ರಿ ಆದ್ರೂ ಆಗ್ಬಹುದು, ಆಗ ಬಾರ್ಟ್ ಟ್ರೈನೂ ಇರಲ್ಲ, ಮೊಬೈಲ್ ಚಾರ್ಜೂ ಇರಲ್ಲ. ಒಂದು ಜಾಕೆಟ್ಟು, ಚಾರ್ಜರ್ ಕಾರಲ್ಲಿ ಇಟ್ಕೊಂಡಿರು. ನಿಂಗೆ ಕಾರಿಲ್ಲ ಅಂದ್ರೆ ನಂಗೆ ಫೋನ್ ಮಾಡು, ಸಾಂಟಾ ರೀಟಾ ನಮ್ಮನೆಯಿಂದ 10 ನಿಮಿಷ, ಎಷ್ಟೊತ್ತಾದ್ರೂ ಬರ್ತೀನಿ. ಒಳಗೆ ತಗೊಂಡು ಹೋಗೋಕಾಗ್ದಿದ್ರೇನು, ಕಾರಲ್ಲಿ ತಿನ್ಬಹುದಲ್ಲ, ಮೊಸರನ್ನ ಕಲಸಿ ಡಬ್ಬಿ ತರ್ತೀನಿ. ಉಪ್ಪಿನಕಾಯಿ ತಿಂತಾನಾ ಕೇಳಿ ಹೇಳು.