ಹುಣ್ಣು ತಾನಾಗಿಯೇ ಮಾಯ್ದಿದೆ, ಇನ್ನೂ ಟೆಸ್ಟ್ ಬೇಕಾ?

ಬೇಕು. ಕಾಂಡೋಮ್ ಇಲ್ಲದೆ ಸಂಪರ್ಕವಾಗಿ ಆರು ವಾರ ಆಯಿತು, ನಡುವೆ ಶಿಶ್ನದ ಮೇಲೆ ಒಂದು ಹುಣ್ಣು ಎದ್ದಿತ್ತು, ನೋವಿರಲಿಲ್ಲ, ಈಗ ಗುರುತೂ ಇಲ್ಲ, ಮೆಡಿಕಲ್‌ನಲ್ಲಿ ಒಂದು ಕೋರ್ಸ್ ಆ್ಯಂಟಿಬಯೋಟಿಕ್ ತಗೊಂಡರೆ ಸಾಕಲ್ಲವೇ ಎಂದು ಕೇಳಿದ್ದೀರಿ. ನೋವಿರಲಿಲ್ಲ ಅಂದಿರಲ್ಲ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ರೋಗ) ಇರಬಹುದೆಂದು ನನಗೆ ಅನುಮಾನ ಬಂದದ್ದೇ ಅಲ್ಲಿ. ನಾನು ಡಾಕ್ಟರಲ್ಲ. ಇದೇ ದಾರಿಯಲ್ಲಿ ಹೋಗಿ ಬಂದವನು, ಅಷ್ಟೇ.

ನನಗಾದ ಹುಣ್ಣು ಅಂಗಿಯ ಗುಂಡಿಗಿಂತ ಚಿಕ್ಕದು. ಅಂಚು ಗಟ್ಟಿ, ಬೆರಳಲ್ಲಿ ಒತ್ತಿದರೆ ಚರ್ಮದೊಳಗೆ ಗುಂಡಿಯನ್ನೇ ಇಟ್ಟು ಹೊಲಿದ ಹಾಗೆ. ಕೀವಿಲ್ಲ, ಉರಿಯಿಲ್ಲ. ತೊಡೆಸಂದಿಯಲ್ಲಿ ಒಂದೆರಡು ಗಂಟು, ಅವೂ ನೋಯುತ್ತಿರಲಿಲ್ಲ. ಮೆಡಿಕಲ್‌ನವರು ಕೊಟ್ಟ ಯಾವುದೋ ಮುಲಾಮು ಹಚ್ಚಿದೆ. ಮೂರು ವಾರಕ್ಕೆ ಮಾಯಿತು. ಮುಲಾಮು ಭೇಷ್ ಅಂದುಕೊಂಡೆ.

ಎರಡು ತಿಂಗಳ ಮೇಲೆ ಅಂಗೈ, ಅಂಗಾಲಿನಲ್ಲಿ ತಾಮ್ರದ ಬಣ್ಣದ ಕಲೆಗಳು ಎದ್ದವು. ತುರಿಕೆ ಇಲ್ಲ. ಸಂಜೆಯಾದರೆ ಮೈ ಬೆಚ್ಚಗೆ. ಸೋಪಿನ ಅಲರ್ಜಿ ಇರಬೇಕೆಂದು ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಎರಡೂ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಇದಕ್ಕೆ ಮೊದಲು ಕೆಳಗೆ ಹುಣ್ಣೇನಾದರೂ ಆಗಿತ್ತಾ?" ಇಲ್ಲ ಅಂದೆ. ಅವರು ಸುಮ್ಮನೆ ಬರೆಯುತ್ತಾ ಕೂತರು. ಅರ್ಧ ನಿಮಿಷದ ಮೇಲೆ ನಾನೇ "ಆಗಿತ್ತು" ಅಂದೆ. ಅದು ಸಿಫಿಲಿಸ್, ಎರಡನೇ ಹಂತ.

ಈ ರೋಗದ ಗುಣವೇ ಹಾಗೆ. ಸೋಂಕು ತಗುಲಿದ 10ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಹುಣ್ಣು ಏಳುತ್ತದೆ. ಔಷಧಿ ಹಾಕಿ, ಬಿಡಿ, ಮೂರರಿಂದ ಆರು ವಾರಕ್ಕೆ ತಾನೇ ಮಾಯುತ್ತದೆ. ಅಷ್ಟರಲ್ಲಿ ರೋಗಾಣು ರಕ್ತ ಸೇರಿರುತ್ತದೆ. ಆಮೇಲೆ ಬರುವ ಕಲೆಗಳೂ ತಾವಾಗಿಯೇ ಹೋಗುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಅಲ್ಲಿಂದ ಮುಂದೆ ಬೂದಿ ಮುಚ್ಚಿದ ಕೆಂಡ. ಚಿಕಿತ್ಸೆ ಸಿಗದ ಕೆಲವರಲ್ಲಿ ವರ್ಷಗಳ ನಂತರ ಹೃದಯ, ಮಿದುಳಿಗೆ ಕೈ ಹಾಕುತ್ತದೆ. ಕಣ್ಣಿಗಂತೂ ಯಾವ ಹಂತದಲ್ಲಾದರೂ ಹೋಗಬಹುದು, ದೃಷ್ಟಿ ಮಂಜಾದರೆ ಅದೇ ದಿನ ಡಾಕ್ಟರಿಗೆ ಹೇಳಿ.

ಈಗ ನಿಮ್ಮ ಟೆಸ್ಟ್ ವಿಷಯ. ಸಿಫಿಲಿಸ್‌ಗೆ ರಕ್ತದಲ್ಲಿ ಎರಡು ಬಗೆಯ ಪರೀಕ್ಷೆ ಇದೆ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಒಂದು, ಅದನ್ನು ಖಚಿತ ಮಾಡಿಕೊಳ್ಳಲು ಟಿಪಿಎಚ್‌ಎ ಇನ್ನೊಂದು. ಎರಡನ್ನೂ ಕೇಳಿ ಮಾಡಿಸಿ. ಹುಣ್ಣು ಎದ್ದ ಹೊಸದರಲ್ಲಿ ವಿಡಿಆರ್‌ಎಲ್ ನೆಗೆಟಿವ್ ಬರುವುದುಂಟು. ಆರು ವಾರಕ್ಕೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ, ಆದರೂ ನೆಗೆಟಿವ್ ಬಂದರೆ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ನೋಡಿಸಿ. ಎಚ್‌ಐವಿಗೆ ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ (ವೈರಸ್‌ನ ತುಣುಕು, ಅದರ ವಿರುದ್ಧ ದೇಹ ಮಾಡುವ ಪ್ರತಿಕಾಯ ಎರಡನ್ನೂ ಹುಡುಕುವುದು) ಆದರೆ 45 ದಿನಕ್ಕೆ ನಂಬಬಹುದು, ನೀವು ಹತ್ತಿರ ಹತ್ತಿರ ಅಲ್ಲೇ ಇದ್ದೀರಿ. ಬೆರಳು ಚುಚ್ಚಿ ಅಲ್ಲೇ ಫಲಿತಾಂಶ ಹೇಳುವ ರ‍್ಯಾಪಿಡ್ ಟೆಸ್ಟಿಗೆ ಮೂರು ತಿಂಗಳು ಕಾಯಬೇಕು. (ಇದನ್ನು ಓದುವ ಬೇರೆ ಯಾರಿಗಾದರೂ ಸಂಪರ್ಕವಾಗಿ 72 ಗಂಟೆ ದಾಟಿಲ್ಲವಾದರೆ ಈಗಲೇ ಎದ್ದು ಆಸ್ಪತ್ರೆಗೆ ಹೋಗಿ, ಎಚ್‌ಐವಿ ತಡೆಯುವ 28 ದಿನದ ಮಾತ್ರೆ ಇದೆ. ಟೈಪ್ ಮಾಡುತ್ತಾ ಕೂರಬೇಡಿ.) ಹೆಪಟೈಟಿಸ್ ಬಿ (ಯಕೃತ್ತಿನ ಸೋಂಕು) ಕೂಡ ಅದೇ ರಕ್ತದಲ್ಲಿ ನೋಡುತ್ತಾರೆ. ಅದಕ್ಕೆ ಲಸಿಕೆ ಇದೆ.

ಹೀಗೇ ಸಂಪರ್ಕದಿಂದ ಹರಡುವ ಗೊನೊರಿಯಾ, ಕ್ಲಮೈಡಿಯಾಗೆ ರಕ್ತ ಅಲ್ಲ, ಮೂತ್ರದ ಪಿಸಿಆರ್. ಇಲ್ಲಿ ನಾನು ಎಡವಿದ್ದೆ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಮೊದಲಿನದನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ ಅನ್ನುತ್ತಾರಲ್ಲ, ಅಭ್ಯಾಸಬಲದಿಂದ ಹಾಗೇ ಮಾಡಿದೆ, ಮತ್ತೆ ಕೊಡಬೇಕಾಯಿತು. ಇದಕ್ಕೆ ಬೇಕಾದದ್ದು ಮೊದಲು ಬರುವ ಮೂತ್ರವೇ, ಅದಕ್ಕೆ ಮುಂಚೆ ಒಂದು ಗಂಟೆಯಾದರೂ ಹೋಗಿರಬಾರದು. ಹೆಂಗಸರಿಗೆ ಯೋನಿಯ ಸ್ವಾಬ್ ಒಳ್ಳೆಯದು. ಬಾಯಿ ಅಥವಾ ಗುದದ ಸಂಪರ್ಕ ಆಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಗಂಟಲಲ್ಲಿರುವುದು ಮೂತ್ರದಲ್ಲಿ ಸಿಗುವುದಿಲ್ಲ.

"ನನಗೆ ಲಕ್ಷಣವೇ ಇಲ್ಲ, ಅದೆಲ್ಲ ಯಾಕೆ" ಅನ್ನಬೇಡಿ. ಕ್ಲಮೈಡಿಯಾ ಬಹುಪಾಲು ಹೆಂಗಸರಲ್ಲಿ ಸದ್ದೇ ಮಾಡುವುದಿಲ್ಲ, ಗರ್ಭನಾಳ ಕೆಟ್ಟು ಮಕ್ಕಳಾಗಲು ತೊಂದರೆಯಾದಾಗಲೇ ಗೊತ್ತಾಗುವುದೂ ಉಂಟು. ಗಂಡಸರಲ್ಲಿ ಗೊನೊರಿಯಾ ಸಾಮಾನ್ಯವಾಗಿ ವಾರದೊಳಗೆ ಹಳದಿ ಕೀವು, ಉರಿಮೂತ್ರ ಎಂದು ಗಲಾಟೆ ಎಬ್ಬಿಸುತ್ತದೆ. ಸಣ್ಣ ಸಣ್ಣ ನೀರುಗುಳ್ಳೆ ಗುಂಪಾಗಿ ಎದ್ದು, ಒಡೆದು, ಬೆಂಕಿ ಇಟ್ಟಂತೆ ಉರಿದರೆ ಅದು ಹೆಚ್ಚಾಗಿ ಹರ್ಪಿಸ್. ಏಸೈಕ್ಲೊವಿರ್ ಎಂಬ ಔಷಧಿಯಿಂದ ಹಿಡಿತಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ.

ಮೆಡಿಕಲ್‌ನ ಕೋರ್ಸ್ ಬೇಡ ಅನ್ನುವುದು ಇದಕ್ಕೇ. ಒಂದೊಂದಕ್ಕೂ ಔಷಧಿ ಬೇರೆ. ಕ್ಲಮೈಡಿಯಾಗೆ ಏಳು ದಿನ ಡಾಕ್ಸಿಸೈಕ್ಲಿನ್. ಹಿಂದೆ ಗೊನೊರಿಯಾಗೆ ನುಂಗುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಆ ರೋಗಾಣು ಈಗ ಜಗ್ಗುವುದಿಲ್ಲ, ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಸಿಫಿಲಿಸ್ ಮಾತ್ರ ಹಳೇ ಪೆನಿಸಿಲಿನ್‌ಗೆ ಇವತ್ತಿಗೂ ಬಗ್ಗುತ್ತದೆ. ನನಗೆ ಹಾಕಿದ್ದು ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಹಾಲಿನಂಥ ಮಂದ ದ್ರವ. ಎರಡು ಕುಂಡೆಗೂ ಅರ್ಧರ್ಧ. ಎರಡು ದಿನ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಆ ರಾತ್ರಿ ಹಲ್ಲು ಕಟಕಟ ಅನ್ನುವಷ್ಟು ಚಳಿಜ್ವರ. ಔಷಧಿ ಒಗ್ಗಲಿಲ್ಲವೆಂದು ಹೆದರಿದ್ದೆ, ರೋಗಾಣು ಒಮ್ಮೆಗೇ ಸಾಯುವಾಗ ಹೀಗಾಗುತ್ತದಂತೆ, ಒಂದು ದಿನದಲ್ಲಿ ಇಳಿಯಿತು. ಸೋಂಕು ತಗುಲಿ ವರ್ಷ ದಾಟಿದ್ದರೆ, ಇಲ್ಲವೇ ಯಾವಾಗ ತಗುಲಿತೆಂದೇ ಗೊತ್ತಿಲ್ಲದಿದ್ದರೆ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಇಂಜೆಕ್ಷನ್ ಆದ ಮೇಲೂ ವಿಡಿಆರ್‌ಎಲ್ ಮಾಡಿಸುತ್ತಿರಬೇಕು. ರಕ್ತವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಪಾಸಿಟಿವ್ ಬರುತ್ತದೆ ಅನ್ನುವುದೇ ಅದರ ಲೆಕ್ಕ, ನನ್ನದು 1:64 ಇದ್ದದ್ದು ಆರು ತಿಂಗಳಿಗೆ 1:8ಕ್ಕೆ ಇಳಿಯಿತು. ಆ ಸಂಖ್ಯೆ ನಾಲ್ಕು ಪಟ್ಟಾದರೂ ಇಳಿದರೆ ಔಷಧಿ ಹಿಡಿದಿದೆ ಎಂದರ್ಥ. ಟಿಪಿಎಚ್‌ಎ ಮಾತ್ರ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಮುಂದೆಂದಾದರೂ ಬೇರೆ ಡಾಕ್ಟರು ಅದನ್ನು ನೋಡಿ ಗಾಬರಿಯಾಗದಿರಲಿ ಎಂದು ಇಂಜೆಕ್ಷನ್ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಆಗ ನನ್ನ ಜೊತೆಗಿದ್ದವಳಿಗೆ ಹೇಳುವುದು. ಮೂರು ದಿನ ಫೋನ್ ಕೈಯಲ್ಲಿ ಹಿಡಿದು ಇಟ್ಟು ಮಾಡಿದೆ. ಕೊನೆಗೆ "ನನಗೆ ಒಂದು ಸೋಂಕು ಇದೆ, ನೀನೂ ಟೆಸ್ಟ್ ಮಾಡಿಸಬೇಕು" ಅಂತಷ್ಟೇ ಹೇಳಿದೆ. ಅವಳಿಗೆ ಒಂದು ಕಲೆಯೂ ಇರಲಿಲ್ಲ. ಹುಣ್ಣು ಒಳಗಡೆ ಆಗಿದ್ದರೆ ಕಾಣುವುದೂ ಇಲ್ಲ, ನೋಯುವುದೂ ಇಲ್ಲ. ಟೆಸ್ಟ್ ಪಾಸಿಟಿವ್ ಬಂತು, ಅವಳಿಗೂ ಇಂಜೆಕ್ಷನ್ ಆಯಿತು. ಅವಳು ಆಮೇಲೆ ಮಾತಾಡಲಿಲ್ಲ, ಅದು ಬೇರೆ ಕಥೆ. ನೀವೂ ಫಲಿತಾಂಶ ಬಂದು, ಬೇಕಾದರೆ ಇಬ್ಬರ ಚಿಕಿತ್ಸೆಯೂ ಮುಗಿದು, ಡಾಕ್ಟರು ಸರಿ ಅನ್ನುವ ತನಕ ಯಾರ ಜೊತೆಗೂ ಬೇಡ. ಕಾಂಡೋಮ್ ಇದ್ದರೂ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ದಾಟುತ್ತದೆ.

ಹುಣ್ಣಿನ ಫೋಟೋ ಏನಾದರೂ ತೆಗೆದಿದ್ದರೆ ಅಳಿಸಬೇಡಿ, ಡಾಕ್ಟರಿಗೆ ತೋರಿಸಿ. ನಾನು ತೆಗೆದು, ನಾಚಿಕೆಯಾಗಿ ಅವತ್ತೇ ಅಳಿಸಿಬಿಟ್ಟಿದ್ದೆ.