ಪವರ್ ಬ್ಯಾಂಕ್ ಅರ್ಧ ನಿಮಿಷಕ್ಕೇ ಆಫ್ ಆಗುವುದು ಯಾಕೆ, ಏನು ಮಾಡಬಹುದು

ನಮಸ್ಕಾರ ಸರ್. ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಲು ವೈಫೈ ಇರುವ ಚಿಕ್ಕ ಕಂಟ್ರೋಲರ್, ನೋಡ್‌ಎಂಸಿಯು ಬೋರ್ಡ್ ಇಟ್ಟು, ಅದಕ್ಕೆ 10,000 ಎಂಎಎಚ್ ಪವರ್ ಬ್ಯಾಂಕ್ ಕೊಟ್ಟಿದ್ದೀರಿ. ಮೊದಲ ರೀಡಿಂಗ್ ಬರುತ್ತದೆ, ಆಮೇಲೆ ಸದ್ದೇ ಇಲ್ಲ. ತೋಟಕ್ಕೆ ಹೋಗಿ ನೋಡಿದರೆ ಪವರ್ ಬ್ಯಾಂಕ್ ಆಫ್. ಬಟನ್ ಒತ್ತಿದರೆ ನಾಲ್ಕೂ ದೀಪ ಉರಿಯುತ್ತವೆ. ಬೋರ್ಡ್ ಕೆಟ್ಟಿರಬೇಕು ಅಂತ ಇನ್ನೊಂದು ತರಿಸಿದಿರಿ, ಅದರದ್ದೂ ಅದೇ ಕಥೆ. ಇದೇ ಅಲ್ವಾ ನಿಮ್ಮ ತೊಂದರೆ?

ಎರಡೂ ಬೋರ್ಡ್ ಸರಿಯಾಗಿವೆ, ಎಸೆಯಬೇಡಿ. ಪವರ್ ಬ್ಯಾಂಕೂ ಕೆಟ್ಟಿಲ್ಲ. ಅದನ್ನು ಮಾಡಿರುವುದು ಫೋನಿಗೆ. ಫೋನ್ ತುಂಬಿದ ಮೇಲೆ ಕರೆಂಟ್ ಎಳೆಯುವುದು ತೀರಾ ಕಡಿಮೆಯಾಗುತ್ತದೆ. ಆಗ ಕೆಲಸ ಮುಗಿಯಿತು ಅಂತ ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಪವರ್ ಬ್ಯಾಂಕುಗಳ ಒಳಗೆ ಐಪಿ5306 ಎಂಬ ಚಿಪ್ ಇರುತ್ತದೆ. ಲೋಡ್ ಸುಮಾರು 45 ಮಿಲಿಆಂಪ್‌ಗಿಂತ ಕೆಳಗೆ 32 ಸೆಕೆಂಡ್ ಇದ್ದರೆ ಅದು ಔಟ್‌ಪುಟ್ ನಿಲ್ಲಿಸುತ್ತದೆ. ಬೇರೆ ಚಿಪ್‌ಗಳಲ್ಲಿ ಈ ಲೆಕ್ಕ 50ರಿಂದ 100 ಮಿಲಿಆಂಪ್ ತನಕ ಇರಬಹುದು. ನಿಮ್ಮ ಬೋರ್ಡ್ ವೈಫೈ ಆನ್ ಇರುವಾಗ 70–80 ಮಿಲಿಆಂಪ್ ಎಳೆಯುತ್ತದೆ. ಡೀಪ್ ಸ್ಲೀಪಿಗೆ, ಅಂದರೆ ಬಹುಪಾಲು ಆಫ್ ಆಗಿ ಮಲಗುವ ಸ್ಥಿತಿಗೆ, ಹೋದ ತಕ್ಷಣ ಕೆಲವೇ ಮಿಲಿಆಂಪ್. ಪವರ್ ಬ್ಯಾಂಕಿನ ಕಣ್ಣಿಗೆ ಅಲ್ಲಿ ಏನೂ ಇಲ್ಲ.

ಎರಡು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿದ್ದೆ, ನೀರಿನ ತೊಟ್ಟಿಯ ಮಟ್ಟ ನೋಡುವ ಸರ್ಕ್ಯೂಟಿನ ಜೊತೆ. ಕೊನೆಗೆ ಮಧ್ಯದಲ್ಲಿ ಒಂದು ಯುಎಸ್‌ಬಿ ಮೀಟರ್ ಸಿಕ್ಕಿಸಿ ಪಕ್ಕದಲ್ಲೇ ಕೂತೆ. 0.08 ಆಂಪ್ ಅಂತ ತೋರಿಸಿತು. ನಾಲ್ಕೈದು ಸೆಕೆಂಡ್ ಆದ ಮೇಲೆ 0.01ಕ್ಕೆ ಇಳಿಯಿತು. ಅಲ್ಲಿಂದ ಮೊಬೈಲ್ ಗಡಿಯಾರ ನೋಡುತ್ತಾ ಎಣಿಸಿದೆ. ಮೂವತ್ತು ದಾಟಿತು, ಮೀಟರಿನ ಪರದೆ ಪಟ್ ಅಂತ ಕಪ್ಪಾಯಿತು. ಮತ್ತೆ ಮಾಡಿದೆ, ಮತ್ತೆ ಅದೇ ಹೊತ್ತಿಗೆ. ಆ ಮೀಟರ್ ತುಂಬ ದುಡ್ಡಿನದಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಬೇರೆ ಏನೂ ಕೊಳ್ಳುವ ಮೊದಲು ಅದೊಂದು ತಗೊಳ್ಳಿ. ಮೀಟರ್ ಬರುವ ತನಕ ಸುಮ್ನೆ ಒಂದು ಪರೀಕ್ಷೆ ಮಾಡಿ: ಪವರ್ ಬ್ಯಾಂಕಿನ ಎರಡನೇ ಪೋರ್ಟಿಗೆ ಚಿಕ್ಕ ಯುಎಸ್‌ಬಿ ಎಲ್‌ಇಡಿ ದೀಪ ಹಾಕಿ. ದೀಪ ಉರಿಯುವಷ್ಟು ಹೊತ್ತು ಬೋರ್ಡೂ ನಡೆದರೆ ಕಾರಣ ಇದೇ ಅಂತ ಖಾತ್ರಿ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು 20,000 ಎಂಎಎಚ್‌ದು ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಬೇಡ. ದೊಡ್ಡದೂ ಹೀಗೇ ಆಫ್ ಆಗುತ್ತದೆ, ದುಡ್ಡು ದಂಡ. ಕೆಲವು ಪವರ್ ಬ್ಯಾಂಕುಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಇಯರ್‌ಫೋನ್, ವಾಚ್‌ಗಳಿಗೆಂದು ಕಡಿಮೆ ಕರೆಂಟಿನ ಮೋಡ್ ಆನ್ ಆಗುತ್ತದೆ. ಸಾಮಾನ್ಯವಾಗಿ ಅದೂ ಒಂದೆರಡು ಗಂಟೆಯ ನಂತರ ತಾನೇ ನಿಲ್ಲುತ್ತದೆ. ಮನೆಯ ಮೇಜಿನ ಮೇಲೆ ಪ್ರಯೋಗ ಮಾಡುವಾಗ ಸಾಕು, ತೋಟಕ್ಕೆ ಆಗುವುದಿಲ್ಲ.

ಇರುವ ಪವರ್ ಬ್ಯಾಂಕನ್ನೇ ಎಚ್ಚರವಾಗಿ ಇಡಬೇಕಾದರೆ ಆಗಾಗ ಒಂದು ಸುಳ್ಳು ಲೋಡ್ ಕೊಡಬೇಕು. 5 ವೋಲ್ಟ್ ಲೈನಿನಿಂದ 47 ಓಮ್ ರೆಸಿಸ್ಟರ್, ಅದರ ಕೆಳಗೆ 2ಎನ್2222 ಟ್ರಾನ್ಸಿಸ್ಟರಿನ ಕಲೆಕ್ಟರ್, ಎಮಿಟರ್ ಗ್ರೌಂಡಿಗೆ. ಬೇಸಿಗೆ ಬೋರ್ಡಿನ ಒಂದು ಪಿನ್ನಿನಿಂದ 470 ಓಮ್. ಆನ್ ಆದಾಗ ಸುಮಾರು 100 ಮಿಲಿಆಂಪ್ ಎಳೆಯುತ್ತದೆ. ಬಿಸಿ547 ಟ್ರಾನ್ಸಿಸ್ಟರ್ ಹಾಕಬೇಡಿ, ಅದರ ಮಿತಿಯೇ 100 ಮಿಲಿಆಂಪ್. ರೆಸಿಸ್ಟರ್ 1 ವ್ಯಾಟಿನದೇ ಇರಲಿ. ಕೋಡ್ ಎಲ್ಲಾದರೂ ಸಿಕ್ಕಿಕೊಂಡು ಪಿನ್ ಆನ್ ಆಗಿಯೇ ಉಳಿದರೆ ಅರ್ಧ ವ್ಯಾಟ್ ಶಾಖ ಅದರ ಮೇಲೇ ಬೀಳುತ್ತದೆ. ಬೋರ್ಡ್ ಪ್ರತಿ 20 ಸೆಕೆಂಡಿಗೆ ಎದ್ದು, ವೈಫೈ ಇಲ್ಲದೆ, ಒಂದು ಸೆಕೆಂಡ್ ಈ ಲೋಡ್ ಕೊಟ್ಟು ಮಲಗಲಿ. ಏಳಬೇಕಾದರೆ ಡಿ0 ಪಿನ್ನಿನಿಂದ ರೀಸೆಟ್ ಪಿನ್ನಿಗೆ ವೈರ್ ಇರಬೇಕು. ಎಷ್ಟು ಸಲ ಎದ್ದಿತು ಎಂಬ ಲೆಕ್ಕವನ್ನು ಆರ್‌ಟಿಸಿ ಮೆಮೊರಿಯಲ್ಲಿ ಇಡಿ, ಅದು ಡೀಪ್ ಸ್ಲೀಪಿನಲ್ಲೂ ಅಳಿಯುವುದಿಲ್ಲ. 90 ಸಲ ಆದಾಗ ಅರ್ಧ ಗಂಟೆ, ಆಗ ರೀಡಿಂಗ್ ಕಳಿಸಲಿ. ಇಲ್ಲಿ ಒಂದು ಕೊಕ್ಕೆ ಇದೆ. ಮುಂದಿನ ಸಲ ವೈಫೈ ರೇಡಿಯೋ ಬೇಕು ಅನ್ನುವುದನ್ನು ಹಿಂದಿನ ಸಲ ಮಲಗುವಾಗಲೇ ಹೇಳಬೇಕು. ಅಂದರೆ 89ನೇ ಸಲ. ಇದು ಗೊತ್ತಿಲ್ಲದೆ ನಾನು ಒಂದು ಇಡೀ ಸಂಜೆ ರೂಟರನ್ನು ಬಿಚ್ಚಿ ಸಿಕ್ಕಿಸುತ್ತಾ ಕಳೆದೆ.

ಎಷ್ಟು ದಿನ ಬರುತ್ತದೆ? ಪವರ್ ಬ್ಯಾಂಕಿನ 10,000 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ, ಅಂದರೆ 37 ವ್ಯಾಟ್ ಅವರ್. 5 ವೋಲ್ಟಿಗೆ ಏರಿಸಿದಾಗ 7,400 ಆಗುತ್ತದೆ, ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು 6,300–6,500. ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಬರೆದಿರುತ್ತಾರೆ, ಅದನ್ನೇ ನಂಬಿ. ಬೋರ್ಡನ್ನು ಮಲಗಿಸದೆ 80 ಮಿಲಿಆಂಪಿನಲ್ಲೇ ಓಡಿಸಿದರೆ ಮೂರು ದಿನ ಚಿಲ್ಲರೆ. ಸುಳ್ಳು ಲೋಡಿನ ಉಪಾಯದಲ್ಲಿ ಸರಾಸರಿ 15 ಮಿಲಿಆಂಪ್, ಕಾಗದದ ಮೇಲೆ 17–18 ದಿನ. ನನಗೆ ಬಂದದ್ದು 12 ದಿನ. ಪವರ್ ಬ್ಯಾಂಕಿನೊಳಗಿನ ಸರ್ಕ್ಯೂಟ್ ಎಚ್ಚರವಾಗಿರಲು ತಾನೂ ತಿನ್ನುತ್ತದೆ, ಕಡಿಮೆ ಲೋಡಿನಲ್ಲಿ ನಷ್ಟವೂ ಜಾಸ್ತಿ.

ಹಾಗಾಗಿ ನಿಮ್ಮ ಕೆಲಸಕ್ಕೆ ನಾನು ಹೇಳುವುದು ಬೇರೆ ದಾರಿ: ಪವರ್ ಬ್ಯಾಂಕ್ ಬಿಡಿ, ಒಂದು ಒಳ್ಳೆಯ 18650 ಲಿಥಿಯಂ ಸೆಲ್ ಹಾಕಿ. 3.7ರಿಂದ 5ಕ್ಕೆ ಏರಿಸಿ, ಮತ್ತೆ ಬೋರ್ಡಿನಲ್ಲಿ 3.3ಕ್ಕೆ ಇಳಿಸುವುದು ಯಾಕೆ? ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಬೋರ್ಡಿನ ಮುಖ್ಯ ಚಿಪ್ ತಡೆಯುವುದು 3.6 ತನಕ. ಅದಕ್ಕೆ ನಡುವೆ ಎಂಸಿಪಿ1700 ಅಥವಾ ಎಚ್‌ಟಿ7333 ರೆಗ್ಯುಲೇಟರ್ ಬೇಕು, ವೋಲ್ಟೇಜನ್ನು 3.3ಕ್ಕೆ ಇಳಿಸಿ ಹಿಡಿಯಲು. ಇವು ತಾವು ತಿನ್ನುವುದು ಕೆಲವೇ ಮೈಕ್ರೋಆಂಪ್. ನೋಡ್‌ಎಂಸಿಯು ಮೇಲಿರುವ ಎಎಂಎಸ್1117 ರೆಗ್ಯುಲೇಟರ್ ಒಂದೇ 5 ಮಿಲಿಆಂಪ್ ತಿನ್ನುತ್ತದೆ, ಜೊತೆಗೆ ಯುಎಸ್‌ಬಿ ಚಿಪ್. ಮಲಗಿದಾಗ ಬೋರ್ಡಿನ ಮುಖ್ಯ ಚಿಪ್ ಇಎಸ್‌ಪಿ8266ಕ್ಕೆ ಬೇಕಿರುವುದು ಬರೀ 20 ಮೈಕ್ರೋಆಂಪ್! ಅದಕ್ಕೇ ನೋಡ್‌ಎಂಸಿಯು ಬದಲು ಬರೀ ಇಎಸ್‌ಪಿ-12ಎಫ್ ಮಾಡ್ಯೂಲ್ ತಗೊಂಡು ಅದರ ಬಿಳಿ ಅಡಾಪ್ಟರ್ ಬೋರ್ಡಿಗೆ ಸೋಲ್ಡರ್ ಮಾಡಿ. ಆ ಬಿಳಿ ಬೋರ್ಡನ್ನು ತಿರುಗಿಸಿ ನೋಡಿ, ಎಚ್‌ಟಿ7333 ಕೂರಿಸುವ ಜಾಗ ಅಲ್ಲೇ ಇದೆ. ವೈಫೈ ಕಳಿಸುವ ಕ್ಷಣದಲ್ಲಿ ಕರೆಂಟ್ ಜಿಗಿಯುತ್ತದೆ, ಮಾಡ್ಯೂಲಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ.

ಅರ್ಧ ಗಂಟೆಗೊಮ್ಮೆ 10 ಸೆಕೆಂಡ್ ಎಚ್ಚರವಾದರೆ ಸರಾಸರಿ ಅರ್ಧ ಮಿಲಿಆಂಪ್. 2,600 ಎಂಎಎಚ್ ಸೆಲ್ ಒಂದಕ್ಕೆ ಲೆಕ್ಕದಲ್ಲಿ ಏಳು ತಿಂಗಳು. ನಾಲ್ಕೈದು ತಿಂಗಳು ಬಂದರೂ ಮಳೆಗಾಲ ಪೂರ್ತಿ ಪೆಟ್ಟಿಗೆ ಮುಟ್ಟಬೇಕಿಲ್ಲ. ಸೆನ್ಸರಿಗೂ ಒಂದು ಪಿನ್ನಿನಿಂದಲೇ ಪವರ್ ಕೊಡಿ, ಮಲಗಿದಾಗ ಅದೂ ಆಫ್ ಆಗಲಿ. ಚಾರ್ಜಿಗೆ ಟಿಪಿ4056 ಬೋರ್ಡ್, ಪ್ರೊಟೆಕ್ಷನ್ ಇರುವುದನ್ನೇ ಕೇಳಿ ತಗೊಳ್ಳಿ, ಅದರಲ್ಲಿ ಬ್ಯಾಟರಿಗೆ ಬೇರೆ, ಔಟ್‌ಪುಟ್‌ಗೆ ಬೇರೆ ಜಾಗ ಇರುತ್ತದೆ. ಅಡಿಕೆ ಮರದ ನೆರಳಿನಲ್ಲಿ ಚಿಕ್ಕ ಸೋಲಾರ್ ಪ್ಯಾನೆಲ್ ನಂಬಿ ಕೂರಬೇಡಿ.

ಹಾಗಂತ ಪವರ್ ಬ್ಯಾಂಕ್ ಬೇಡ ಅನ್ನುತ್ತಿಲ್ಲ. ನಿರಂತರವಾಗಿ ಕರೆಂಟ್ ಎಳೆಯುವ ಕೆಲಸಕ್ಕೆ ಅದರಷ್ಟು ಅನುಕೂಲ ಬೇರೆ ಇಲ್ಲ. ದೀಪಾವಳಿಯ ಗೂಡುದೀಪದಲ್ಲಿ ಬಣ್ಣ ಬದಲಿಸುವ 30 ಡಬ್ಲ್ಯೂಎಸ್2812 ಎಲ್‌ಇಡಿ ಹಾಕಿ ನಮ್ಮ ಮನೆಯಲ್ಲಿ ಅದರಲ್ಲೇ ಓಡಿಸುತ್ತೇವೆ. ಪೂರ್ತಿ ಬಿಳಿ ಬೆಳಕಿಗೆ ಒಂದೊಂದು 60 ಮಿಲಿಆಂಪ್, ಒಟ್ಟು 1.8 ಆಂಪ್. ಬೆಳಕು ಕಾಲು ಭಾಗಕ್ಕೆ ಇಳಿಸಿದರೂ ಕಣ್ಣಿಗೆ ಚೆಂದವೇ, ಒಂದು ರಾತ್ರಿ ಆರಾಮಾಗಿ ಬರುತ್ತದೆ. ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾಕ್ಕೂ ಸರಿ. ಅದಕ್ಕೆ ದಪ್ಪ, ಗಿಡ್ಡ ಕೇಬಲ್ ಹಾಕಿ. ತೆಳು ಕೇಬಲಿನಲ್ಲಿ ವೋಲ್ಟೇಜ್ ಇಳಿದು ಪೈ ಆಗಾಗ ರೀಸ್ಟಾರ್ಟ್ ಆಗುತ್ತದೆ. ಆರ್ಡುಯಿನೋ ಊನೋ ಆದರೆ ಯುಎಸ್‌ಬಿ ಪೋರ್ಟಿಗೇ ಕೊಡಿ, ವಿನ್ ಪಿನ್ನಿಗೆ ಬೇಡ, ಅದಕ್ಕೆ 7 ವೋಲ್ಟಾದರೂ ಬೇಕು. ಟೈಪ್ ಸಿ ಇರುವ ಅಗ್ಗದ ಬೋರ್ಡ್ ಸಿ-ಟು-ಸಿ ಕೇಬಲಿನಲ್ಲಿ ಆನ್ ಆಗದಿದ್ದರೆ ಹೆದರಬೇಡಿ, ಎ-ಟು-ಸಿ ಕೇಬಲಿನಲ್ಲಿ ಹಾಕಿ ನೋಡಿ. ಬೋರ್ಡಿನಲ್ಲಿ 5.1 ಕೆ ರೆಸಿಸ್ಟರ್ ಬಿಟ್ಟಿದ್ದರೆ ಹೀಗಾಗುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪವರ್ ಬ್ಯಾಂಕಾಗಲಿ ಸೆಲ್ ಆಗಲಿ, ಬಿಸಿಲು ಬೀಳುವ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ. 45 ಡಿಗ್ರಿ ದಾಟಿದ ಮೇಲೆ ಲಿಥಿಯಂ ಸೆಲ್ ಚಾರ್ಜ್ ಮಾಡಬಾರದು, ಏಪ್ರಿಲ್ ಬಿಸಿಲಿನಲ್ಲಿ ಡಬ್ಬಿಯೊಳಗೆ ಅಷ್ಟು ಸುಲಭವಾಗಿ ಆಗುತ್ತದೆ. ಮರದ ಉತ್ತರ ಬದಿಗೆ, ನೆಲದಿಂದ ಒಂದು ಮೊಳ ಮೇಲೆ ಕಟ್ಟಿ. ಊದಿಕೊಂಡ ಪವರ್ ಬ್ಯಾಂಕ್ ಕಂಡರೆ ಚುಚ್ಚುವುದು, ಒತ್ತುವುದು, ಇನ್ನೊಂದು ಸಲ ಚಾರ್ಜಿಗೆ ಹಾಕುವುದು ಯಾವುದೂ ಬೇಡ. ಮನೆಯಿಂದ ಹೊರಗೆ ಇಟ್ಟು, ಹಳೇ ಬ್ಯಾಟರಿ ತಗೊಳ್ಳುವವರಿಗೆ ಕೊಟ್ಟುಬಿಡಿ.

ಎರಡನೇ ಪೋರ್ಟಿನ ದೀಪದ ಪರೀಕ್ಷೆ ಇವತ್ತೇ ಮಾಡಿ, ದೀಪವಿಲ್ಲದೆ ಎಷ್ಟು ಸೆಕೆಂಡಿಗೆ ಆಫ್ ಆಗುತ್ತದೆ ಅಂತ ಎಣಿಸಿ ಇಲ್ಲೇ ಬರೆಯಿರಿ. 18650 ದಾರಿ ಹಿಡಿಯುವುದಾದರೆ ನನ್ನ ಬಿಳಿ ಬೋರ್ಡಿನ ಎರಡೂ ಬದಿಯ ಫೋಟೋ, ಕೋಡ್ ಸಮೇತ ಹಾಕುತ್ತೇನೆ.